ಕುರ್ಲಿಯ ಹೆಸರು ತೆಗೆದ ಸಾಹೇಬರು

ನನ್ನ ಅಡಿಗೆಮನೆಗೆ ಬೇರೆಯವರ ಹೆಸರು ಬಿದ್ದದ್ದನ್ನು ನಾನು ನೋಡಿದ್ದು ಪ್ರೊಜೆಕ್ಟರಿನ ಬೆಳಕಿನಲ್ಲಿ. ಕಾರವಾರದ ನಮ್ಮ ಆಫೀಸಿನ ಮೀಟಿಂಗ್ ಕೋಣೆ. ಕಿಟಕಿಯ ಪರದೆ ಎಳೆದು ಕತ್ತಲು ಮಾಡಿದ್ದರು. ಬೆಂಗಳೂರಿನ ಹೆಡ್ ಆಫೀಸಿನಿಂದ ನಮ್ಮ ಮೇಲಧಿಕಾರಿಯಾಗಿ ಬಂದು ಇನ್ನೂ ಒಂದು ಮಳೆಗಾಲ ಕಾಣದಿದ್ದ ಸಾಹೇಬರು, ಗಿರಾಕಿಗಳಿಗೆ ತೋರಿಸಲಿಕ್ಕೆ ಮಾಡಿದ ಪುಟಗಳನ್ನು ಮೊದಲು ನಮಗೆ ತೋರಿಸುತ್ತಿದ್ದರು. ಮೊದಲ ಪುಟದಲ್ಲೇ 'ಪರಿಕಲ್ಪನೆ ಮತ್ತು ನಿರ್ಮಾಣ' ಎಂದು ಇಂಗ್ಲಿಷಿನಲ್ಲಿ, ಅದರ ಕೆಳಗೆ ದಪ್ಪಗೆ ಅವರ ಹೆಸರು. ನಾನು ಕೊನೆಯ ಪುಟದವರೆಗೆ ಕಾದೆ. ಅಲ್ಲಿ 'ಧನ್ಯವಾದ' ಇತ್ತು, ಒಂದು ಸೂರ್ಯಾಸ್ತದ ಚಿತ್ರ ಇತ್ತು. ನಾನಿರಲಿಲ್ಲ.

ಸಿಟ್ಟು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ. ಆಮೇಲೆ ಮಾತು ನಿಲ್ಲುತ್ತದೆ. "ಉಳಿದವ್ರ ಸಿಟ್ಟು ಆರ್ತದೆ, ನಿಂದು ಹೆಪ್ಪುಗಟ್ತದೆ ಮಾರಾಯ್ತಿ" ಎಂದು ಅವರ್ಸಾದ ಮನೆಯಲ್ಲಿ ಆಯಿ ಹೇಳುವುದುಂಟು. ಸುಳ್ಳೇನಲ್ಲ. ಆ ದಿನ ಸಂಜೆ ಬಸ್ಸಿನಲ್ಲಿ ಅವರ್ಸಾಕ್ಕೆ ಹೋಗುವಾಗ ಪಕ್ಕದ ಸೀಟಿನವಳು ನನ್ನ ಮುಖ ನೋಡಿ, ಯಾರಾದರೂ ತೀರಿಕೊಂಡರೋ ಅಂತ ಕೇಳಿದಳು.

ಅಡಿಗೆಮನೆ ಅಂದರೆ ಏನೆಂದು ಹೇಳಬೇಕು. ಘಟ್ಟದ ಮೇಲೆ, ಬಯಲುಸೀಮೆಯಲ್ಲಿರುವ ಸಿಮೆಂಟ್ ಕಾರ್ಖಾನೆಗಳನ್ನು ನಡೆಸುವ ಒಂದು ದೊಡ್ಡ ಸಾಫ್ಟ್‌ವೇರನ್ನು ನಮ್ಮ ಆಫೀಸು ನೋಡಿಕೊಳ್ಳುತ್ತಿತ್ತು. ಲಕ್ಷಗಟ್ಟಲೆ ಸಾಲು, ನೂರಾರು ಭಾಗ. ಬರೆದ ಪುಣ್ಯಾತ್ಮರು ಎಂದೋ ಬಿಟ್ಟುಹೋಗಿದ್ದರು. ಅದರಲ್ಲಿ ಒಂದು ಸಾಲು ತಿದ್ದಬೇಕೆಂದರೆ ಒಂದು ಕಂಪ್ಯೂಟರಿನಲ್ಲಿ ಹುಡುಕಬೇಕು, ಇನ್ನೊಂದರಲ್ಲಿ ತಿದ್ದಬೇಕು, "ಈ ಫೈಲು ನಾನು ತಗೊಂಡಿದ್ದೇನೆ, ಯಾರೂ ಮುಟ್ಬೇಡಿ" ಎಂದು ಕೋಣೆಗೆಲ್ಲ ಕೇಳುವಂತೆ ಕೂಗಬೇಕು, ಮೇಲಿನ ಮಹಡಿಯ ಯುನಿಕ್ಸ್ ಯಂತ್ರಕ್ಕೆ ಒಯ್ದು ಅದಕ್ಕೆ ತಿಳಿಯುವ ಭಾಷೆಗೆ ಕಂಪೈಲ್ ಮಾಡಬೇಕು, ಅಲ್ಲಿಂದ ಪರೀಕ್ಷೆಯ ಯಂತ್ರಕ್ಕೆ ಹೊರಬೇಕು. ಅಷ್ಟರಲ್ಲಿ ಯಾರೋ ಕೂಗು ಕೇಳದವರು ಅದೇ ಫೈಲನ್ನು ತಿದ್ದಿ ನಮ್ಮ ಕೆಲಸದ ಮೇಲೆ ತಮ್ಮದನ್ನು ಒತ್ತಿಬಿಡುತ್ತಿದ್ದರು. ಜಗಳ, ಅಳು, ಮಾತು ಬಿಡುವುದು, ಎಲ್ಲ ಆಗುತ್ತಿತ್ತು.

ಎರಡು ವರ್ಷ ನನ್ನ ನಿತ್ಯದ ಕೆಲಸದ ಮೇಲೆ ಇನ್ನೊಂದು ಕೆಲಸ ಹೊತ್ತುಕೊಂಡು ಅವೆಲ್ಲವನ್ನೂ ಒಂದೇ ಕಿಟಕಿಯೊಳಗೆ ತಂದೆ. ಹುಡುಕುವುದು, ತಿದ್ದುವುದು, ಬೀಗ ಹಾಕುವುದು, ಕಂಪೈಲ್ ಮಾಡುವುದು, ಹಳೆಯ ಪ್ರತಿ ತೆಗೆದು ನೋಡುವುದು. ಕೊನೆಗೆ ಒಂದು ನಕಲಿ ಕಿಲ್ನ್. ಕಿಲ್ನ್ ಅಂದರೆ ಸುಣ್ಣದಕಲ್ಲು ಸುಡುವ ಉಕ್ಕಿನ ಕೊಳವೆ, ಒಳಗೆ ಬಸ್ಸು ಹಾಯುವಷ್ಟು ದಪ್ಪ, ಕೆಂಪಗೆ ಕಾದು ತಿರುಗುತ್ತಲೇ ಇರುತ್ತದೆ. ಕಾರ್ಖಾನೆಯ ಕಿಲ್ನ್ ಹೇಗೆ ನಡೆಯುತ್ತದೋ ಹಾಗೆಯೇ ಪರದೆಯ ಮೇಲೆ ನಡೆಸಿ ನೋಡುವ ವ್ಯವಸ್ಥೆ ಮಾಡಿದೆ. ಕೈ ಚಾಚಿದರೆ ಉಪ್ಪು, ಕೈ ಚಾಚಿದರೆ ಹುಳಿ ಸಿಗಬೇಕು ಅನ್ನುವುದು ನನ್ನ ಹಟವಾಗಿತ್ತು. ಅದಕ್ಕೇ ಆಫೀಸಿನವರೆಲ್ಲ ಅದನ್ನು ಅಡಿಗೆಮನೆ ಎಂದು ಕರೆದರು. ಅದು ಬಂದ ಮೇಲೆ ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಒತ್ತುವುದು ನಿಂತುಹೋಯಿತು.

ಇನ್ನು ಮೀನಿನ ವಿಷಯ. ಮೂಲದವರು ಸಾಫ್ಟ್‌ವೇರಿನ ಭಾಗಗಳಿಗೆ ಬರೀ ಸಂಖ್ಯೆ ಇಟ್ಟಿದ್ದರು. ನಾಲ್ಕು ಸಾವಿರದ ಇಷ್ಟು, ಐದು ಸಾವಿರದ ಅಷ್ಟು. ಯಾರ ತಲೆಯಲ್ಲಿ ನಿಲ್ಲಬೇಕು? ನನ್ನ ಎದುರಿನ ಮೇಜಿನವ ದೇವಬಾಗದವ. ಮನೆಯಲ್ಲಿ ದೋಣಿ, ಬಲೆ; ತಾನು ಮಾತ್ರ ಇಂಜಿನಿಯರಿಂಗ್ ಓದಿ ನನ್ನ ಜೊತೆಗೇ ಸೇರಿದವ, ನನ್ನನ್ನು ಅಕ್ಕನಂತೆ 'ಬಾಯಿ' ಎಂದು ಕರೆಯುವವ. ಒಂದು ದಿನ ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, "ಬಾಯೇ, ಈ ಸಂಖ್ಯೆ ಬೇಡ, ಇವಕ್ಕೆಲ್ಲ ಮೀನಿನ ಹೆಸರು ಇಡುವ, ಯಾರೂ ಮರೆಯೂದಿಲ್ಲ" ಅಂದ. ನಗುನಗುತ್ತ ಶುರುವಾದದ್ದು ನಿಯಮವಾಯಿತು. ಎಲ್ಲಿ ನೋಡಿದರಲ್ಲಿ ಸಿಗುವ ಗಡಿಯಾರದ ಭಾಗ ಬಂಗಡೆ. ಬಾಯಿ ಬಿಡಿಸುವುದೇ ಕಷ್ಟವಾದ ಮಾಹಿತಿ ಸಂಗ್ರಹ ಚಿಪ್ಪಿನ ಬಳಚು. ಎದುರು ಬಂದದ್ದನ್ನೆಲ್ಲ ನುಂಗುವ ಎಚ್ಚರಿಕೆಗಳ ಸಾಲು ಮೋರಿ, ಅಂದರೆ ಶಾರ್ಕ್. ಸಣ್ಣಸಣ್ಣ ಸಂದೇಶಗಳು ಶೆಟ್ಲಿ, ಅಂದರೆ ಸಿಗಡಿ. ಮುಖ್ಯ ಮೋಟರು ನಡೆಸುವುದು ಮೀನುಗಳಿಗೆಲ್ಲ ರಾಜ ಇಸ್ವಣ. ಯಾವ ಭಾಗ ಎಂಥದ್ದು ಎಂದು ಚರ್ಚೆ ಮಾಡಿ ಹೆಸರಿಡುತ್ತಿದ್ದುದರಿಂದ ಅದರ ಗುಣವೂ ತಲೆಯಲ್ಲಿ ಕೂರುತ್ತಿತ್ತು.

ಕರೆಂಟು ಹೋದಾಗ ಏಳುವ ಭಾಗಕ್ಕೆ ಕುರ್ಲಿ, ಅಂದರೆ ಏಡಿ, ಎಂದು ಹೆಸರಿಟ್ಟಿದ್ದೆವು. ಕಾದ ಕಿಲ್ನ್ ನಿಂತಲ್ಲೇ ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿದರೆ ಮುಗಿಯಿತು, ಅದನ್ನು ನೆಟ್ಟಗೆ ಮಾಡುವವರು ಹುಟ್ಟಿಲ್ಲ. ಅದಕ್ಕೆ ಕರೆಂಟು ಹೋದ ಕೂಡಲೇ ಡೀಸೆಲ್ ಇಂಜಿನಿನ ಮೇಲೆ ಅದನ್ನು ನಿಧಾನಕ್ಕೆ ತಿರುಗಿಸುತ್ತ ಇರಬೇಕು. ಆ ಕೆಲಸ ಕುರ್ಲಿಯದು. ಏಡಿಯ ಹಾಗೆ ಮೆಲ್ಲಗೆ, ಹಿಡಿದದ್ದು ಬಿಡದೆ. ಕಾರ್ಖಾನೆಯವರಿಗೂ ಈ ಹೆಸರುಗಳು ರೂಢಿಯಾಗಿದ್ದವು. ಜೋಳದ ರೊಟ್ಟಿ ಬಿಟ್ಟು ಬೇರೆ ಮುಟ್ಟದ ಮನುಷ್ಯರು ಫೋನಿನಲ್ಲಿ "ನಿಮ್ಮ ಕುರ್ಲಿ ಛಲೋ ಎದ್ದದ ನೋಡ್ರಿ" ಅನ್ನುತ್ತಿದ್ದರು.

ಸಾಹೇಬರಿಗೆ ಇದು ಸರಿ ಕಾಣಲಿಲ್ಲ. ಪ್ರೊಜೆಕ್ಟರಿನ ಮೀಟಿಂಗಿನ ಮರುದಿನ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು.

"ಇದೇನ್ರೀ ಇದು, ಆಫೀಸಾ ಫಿಶ್ ಮಾರ್ಕೆಟ್ಟಾ? ನಿಮ್ಮ ಕೋಡ್ ಓಪನ್ ಮಾಡಿದ್ರೆ ವಾಸನೆ ಹೊಡೀತದೆ. ನಾಳೆ ಫಾರಿನ್ ಕಸ್ಟಮರ್ಸ್ ಬಂದ್ರೆ ಏನ್ ತೋರಿಸ್ಲಿ, ಬಂಗಡೆ ತೋರಿಸ್ಲಾ?"

ಒಬ್ಬಿಬ್ಬರು ಹೆದರಿ ನಕ್ಕರು. ದೇವಬಾಗದವ ನೆಲ ನೋಡುತ್ತ ನಿಂತಿದ್ದ. ಅವನ ಮನೆಯ ಊಟವನ್ನು, ಅವನ ಅಪ್ಪನ ದುಡಿಮೆಯನ್ನು, ನಮ್ಮೆಲ್ಲರ ಊರನ್ನು ಒಂದೇ ಉಸಿರಿಗೆ ಹೇಸಿಗೆ ಮಾಡಿಬಿಟ್ಟರಲ್ಲ ಅನಿಸಿ ನನಗೆ ಮೈ ಉರಿಯಿತು. ನಾನು ಬಾಯಿ ಬಿಟ್ಟೆ. "ಸರ್, ಹೆಸರು ತೆಗೆದ್ರೆ ಕೆಲಸ ನಿಲ್ತದೆ. ಎಲ್ಲರಿಗೂ ಅದೇ ರೂಢಿ." ಅಷ್ಟೇ ಹೇಳಿದ್ದು.

ಸಂಜೆಯೊಳಗೆ ಅಡಿಗೆಮನೆಯ ಚಾವಿ, ಅಂದರೆ ಅದರೊಳಗೆ ಏನು ಬೇಕಾದರೂ ಬದಲಿಸುವ ಅಧಿಕಾರ, ನನ್ನ ಲಾಗಿನ್ನಿನಿಂದ ಸಾಹೇಬರ ಲಾಗಿನ್ನಿಗೆ ಹೋಯಿತು. ನನಗೆ ಬಳಕೆದಾರರ ಕೈಪಿಡಿ ಬರೆಯುವ ಕೆಲಸ ಬಂತು. ನಾನು ಕಟ್ಟಿದ್ದಕ್ಕೆ ನಾನೇ ಹೊರಗಿನವಳು. ಅವರ ಹೆಸರಿನ ಕೆಳಗೆ, 'ಈ ಗುಂಡಿ ಒತ್ತಿದರೆ ಹೀಗಾಗುತ್ತದೆ' ಎಂದು ಬರೆದುಕೊಡುವ ಗುಮಾಸ್ತೆ. ಇವರನ್ನು ಬಿಡುವುದಿಲ್ಲ ಎಂದು ನಾನು ನಿಶ್ಚಯಿಸಿದ್ದು ಆಗಲೇ. ನನಗೆ ನನ್ನ ಅಡಿಗೆಮನೆ ವಾಪಸ್ ಬೇಕಿತ್ತು, ಅದರ ಮೇಲೆ ನನ್ನ ಹೆಸರು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯ ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕಿತ್ತು.

ವಾರದೊಳಗೆ ಒಂದು ಮಧ್ಯಾಹ್ನ ಸಾಹೇಬರು ತಾವೇ ಕೂತು ಅಷ್ಟೂ ಮೀನುಗಳ ಹೆಸರು ಬದಲಿಸಿದರು. ನಾನೇ ಬರೆದಿದ್ದ ಸಲಕರಣೆ ಅದು: ಒಂದು ಹೆಸರು ಕೊಟ್ಟರೆ ಇಡೀ ಸಾಫ್ಟ್‌ವೇರಿನಲ್ಲಿ ಅದು ಎಲ್ಲೆಲ್ಲಿದೆಯೋ ಹುಡುಕಿ ಹೊಸ ಹೆಸರು ಹಾಕುತ್ತದೆ. ಬಂಗಡೆ ಹೋಗಿ ಎಂ ನೂರಾ ಒಂದು, ಬಳಚು ಹೋಗಿ ಎಂ ನೂರಾ ಎರಡು. "ನೋಡಿದ್ರಾ? ಒಂದು ಬಟನ್. ಇದಕ್ಕೆ ಅಷ್ಟೊಂದು ಡ್ರಾಮಾ ಮಾಡಿದ್ರಿ" ಎಂದು ಕೋಣೆಯ ನಡುವೆ ನಿಂತು ಕೈ ಕೊಡವಿದರು.

ನಾನು ಕೈಪಿಡಿ ಬರೆಯುವುದು ನಿಲ್ಲಿಸಿದೆ. ಯಾಕೆಂದರೆ ಆ ಸಲಕರಣೆಗೆ ಎಲ್ಲಿ ಕಣ್ಣು ಕಾಣುವುದಿಲ್ಲ ಅಂತ ನನಗೆ ಗೊತ್ತಿತ್ತು. ಅದು ಸಾಫ್ಟ್‌ವೇರಿನ ಸಾಲುಗಳನ್ನು ಮಾತ್ರ ನೋಡುತ್ತದೆ. ಪ್ರತಿ ಕಾರ್ಖಾನೆಗೂ ಅದರದ್ದೇ ಕೋಷ್ಟಕಗಳಿರುತ್ತವೆ: ಯಾವ ಮೋಟರು ಎಲ್ಲಿದೆ, ಏನಾದರೆ ಯಾವ ಭಾಗವನ್ನು ಎಬ್ಬಿಸಬೇಕು ಎಂದು. 'ಕರೆಂಟು ಹೋದರೆ ಕುರ್ಲಿಯನ್ನು ಎಬ್ಬಿಸು' ಎಂದು ಇರುವುದು ಅಲ್ಲಿ. ಈಗ ಸಾಫ್ಟ್‌ವೇರಿನಲ್ಲಿ ಕುರ್ಲಿಯೇ ಇಲ್ಲ. ಕರೆಂಟು ಹೋದರೆ ಅದು ಕುರ್ಲಿಯನ್ನು ಕರೆಯುತ್ತದೆ, ಯಾರೂ ಓಗೊಡುವುದಿಲ್ಲ, ಮೂಲದ ಪುಣ್ಯಾತ್ಮರು ಬರೆದಿಟ್ಟಂತೆ ಸುಮ್ಮನೆ ಮುಂದೆ ಹೋಗುತ್ತದೆ. ಕಿಲ್ನ್ ನಿಂತಿರುತ್ತದೆ.

ಇದಕ್ಕೆಂದೇ ನಾನು ಸಲಕರಣೆಯಲ್ಲಿ ಒಂದು ಪ್ರಶ್ನೆ ಇಟ್ಟಿದ್ದೆ. ಹೆಸರು ಬದಲಿಸುವ ಮೊದಲು ಅದು ಕೇಳುತ್ತದೆ: 'ಕಾರ್ಖಾನೆಗಳ ಕೋಷ್ಟಕಗಳನ್ನು ನೋಡಿ ಖಾತ್ರಿ ಮಾಡಿಕೊಂಡಿದ್ದೀರಾ?' ಸಾಹೇಬರು ಪ್ರತಿ ಸಲವೂ 'ಹೌದು' ಒತ್ತಿದ್ದರು. ಒತ್ತಿದವರು ಯಾರು ಅನ್ನುವುದೂ ಅಡಿಗೆಮನೆಯಲ್ಲಿ ದಾಖಲಾಗಿ ಉಳಿಯುತ್ತದೆ. ನಿತ್ಯದ ಪರೀಕ್ಷೆಗಳಲ್ಲಿ ಏನೂ ಗೊತ್ತಾಗಲಿಲ್ಲ. ಅವು ಕಿಲ್ನ್ ನಡೆಸಿ ನೋಡುತ್ತವೆ, ಕರೆಂಟು ತೆಗೆದು ನೋಡುವುದಿಲ್ಲ. ಅದು ಹೊತ್ತು ಹಿಡಿಯುವ ಪರೀಕ್ಷೆಯಾದ್ದರಿಂದ ಹೊಸ ಆವೃತ್ತಿ ಕಳಿಸುವ ಮೊದಲು ಮಾತ್ರ ಮಾಡುವ ಪದ್ಧತಿ.

ದೇವಬಾಗದವನಿಗೂ ಹೊಳೆದಿತ್ತು. ಹೊಸ ಆವೃತ್ತಿಯನ್ನು ಸಿಡಿಗೆ ಹಾಕಿ ಕಾರ್ಖಾನೆಗೆ ಕಳಿಸುವ ಜವಾಬ್ದಾರಿ ಅವನದೇ. ಚಹಾದ ಅಂಗಡಿಗೆ ಹೋದಾಗ ನನ್ನ ಮುಖ ನೋಡಿದವನೇ, "ಕುರ್ಲಿ, ಅಲ್ವಾ?" ಅಂದ.

"ಹೌದು ಮಾರಾಯಾ."

"ಹೋಗ್ಲಿ ಬಿಡು. ಹಾಗೇ ಕಳಿಸ್ತೇನೆ. ಮೊದಲ್ನೇ ಸಲ ಕರೆಂಟ್ ಹೋದ ಕೂಡ್ಲೇ ಅವನ ಬಣ್ಣ ಬಯಲಾಗ್ತದೆ. ಕಳ್ಳ ಅಂವ."

ಅವನು ತಮಾಷೆಗೆ ಹೇಳಿದ್ದಲ್ಲ. ವಾಸನೆಯ ಮಾತು ಅವನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತ್ತು. ಒಂದು ಕ್ಷಣ ನನಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ? ಕಿಲ್ನ್ ಬಾಗಿದ ಸುದ್ದಿ ಹೆಡ್ ಆಫೀಸಿಗೆ ಮುಟ್ಟಿ ಸಾಹೇಬರು ಬೆವರುವ ಚಿತ್ರ ಕಣ್ಣ ಮುಂದೆ ಬಂತು, ಚಹಾ ರುಚಿಯಾಯಿತು. ಆಮೇಲೆ ಫೋನಿನಲ್ಲಿ ಕುರ್ಲಿ ಛಲೋ ಎದ್ದದ ಅನ್ನುವವರ ನೆನಪಾಯಿತು. ಕಾದ ಕಿಲ್ನ್ ನಿಂತರೆ ಅದರ ಬುಡಕ್ಕೆ ಓಡಿ ಕೈಯಿಂದ ಇಂಜಿನ್ ಶುರುಮಾಡಬೇಕಾದವರು ಅವರೇ.

"ಬೇಡ" ಅಂದೆ. "ನನ್ನ ಜಗಳ ಈ ಮನುಷ್ಯನ ಸಂಗಡ. ಕಾರ್ಖಾನೆಯವ್ರು ನಮಗೆಂತ ಮಾಡಿದ್ದಾರೆ? ನೀನು ಸಿಡಿ ಕಳಿಸ್ಬೇಡ. ಏನಾದ್ರೂ ಕಾರಣ ಹೇಳು."

"ಹಾಗಾದ್ರೆ ಅವನಿಗೇ ಹೋಗಿ ಹೇಳ್ತೀಯಾ? ಹೇಳು. ಸರಿಮಾಡಿ, ತಾನೇ ಕಂಡುಹಿಡಿದ ಹಾಗೆ ಮೀಸೆ ತಿರುವ್ತಾನೆ."

ಹೇಳುವುದೆಂದು ತೀರ್ಮಾನಿಸಿದೆ. ಸಾಹೇಬರ ಕೋಣೆಯ ಬಾಗಿಲು ತಟ್ಟಿದೆ. ಮರುದಿನ ಸಿಮೆಂಟ್ ಕಂಪನಿಯವರು ಬರುವವರಿದ್ದರು, ಮುಂದಿನ ವರ್ಷಗಳ ಗುತ್ತಿಗೆ ಕೊಡಬೇಕೋ ಬೇಡವೋ ಎಂದು ನೋಡಲಿಕ್ಕೆ. ಸಾಹೇಬರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ನಾನು ಈ ಎನ್ವಿರಾನ್‌ಮೆಂಟ್ ಡಿಸೈನ್ ಮಾಡುವಾಗ..." ಎಂದು ಮರುದಿನದ ಭಾಷಣವನ್ನು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.

"ಸರ್, ಆ ಹೆಸರು ಬದಲಿಸಿದ್ದರಲ್ಲಿ ಒಂದು ತೊಂದರೆ..."

"ಮತ್ತೆ ಶುರು ಮಾಡ್ಬೇಡಿ. ಮುಗಿದು ಹೋದ ವಿಷಯ ಅದು." ಕೈ ಅಡ್ಡ ಹಿಡಿದರು. "ಹಾಂ, ನಾಳೆ ನೀವು ಡೆಮೊದಲ್ಲಿ ಏನೂ ಮಾತಾಡೋದು ಬೇಡ. ಕಸ್ಟಮರ್ಸ್‌ಗೆ ಟೀ, ಸ್ನ್ಯಾಕ್ಸ್ ಸ್ವಲ್ಪ ನೀವೇ ನೋಡ್ಕೊಂಡ್ಬಿಡಿ. ಲೇಡೀಸ್ ಇದ್ರೆ ಅದೆಲ್ಲ ನೀಟಾಗಿರತ್ತೆ."

ನಾನು ಬಾಗಿಲ ಹಿಡಿಕೆ ಹಿಡಿದುಕೊಂಡೇ ನಿಂತಿದ್ದೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು: ಕರೆಂಟು ಹೋದರೆ ಕಿಲ್ನ್ ನಿಲ್ಲುತ್ತದೆ ಸರ್. ಆ ವಾಕ್ಯ ನಾಲಿಗೆಯ ಮೇಲೇ ಇತ್ತು. ನುಂಗಿಕೊಂಡೆ. ಚಹಾ ಕೊಡಬೇಕು ತಾನೆ? ಕೊಡುವ. "ಆಯ್ತು ಸರ್, ನಾನು ನೋಡ್ಕೊಳ್ತೇನೆ" ಎಂದು ಬಾಗಿಲು ಮೆತ್ತಗೆ ಹಾಕಿಕೊಂಡು ಬಂದೆ. ದೇವಬಾಗದವನಿಗೆ ಹೇಳಿದೆ, "ನಾಳೆ ಗಿರಾಕಿಗಳ ಮುಂದೇ ಅವನ ಬಣ್ಣ ಬಯಲಾಗ್ತದೆ. ಸಿಡಿ ಮಾತ್ರ ನಿನ್ನ ಖಾನೆಯಿಂದ ಹೊರಗೆ ಬರಬಾರ್ದು."

ಅವತ್ತು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಗಿರಾಕಿಗಳು ಮೂವರು. ಇಬ್ಬರು ಕೋಟಿನವರು, ಒಬ್ಬರು ನರೆಗೂದಲಿನ ಹಿರಿಯ ಇಂಜಿನಿಯರು. ಹಿರಿಯರು ಬಯಲುಸೀಮೆಯ ದೊಡ್ಡ ದನಿಯವರು, ಜೀವಮಾನವೆಲ್ಲ ಕಿಲ್ನ್ ಬುಡದಲ್ಲೇ ಕಳೆದವರು ಎಂದು ಅವರ ಕೈ ನೋಡಿದರೆ ತಿಳಿಯುತ್ತಿತ್ತು. ನಾನು ಒಳ್ಳೆಯ ಸೀರೆ ಉಟ್ಟು, ಟ್ರೇ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಸಾಹೇಬರು ಚೆನ್ನಾಗಿಯೇ ತೋರಿಸಿದರು, ಅದನ್ನು ಒಪ್ಪಿಕೊಳ್ಳಬೇಕು. ಹುಡುಕಿದರು, ತಿದ್ದಿದರು, ಬೀಗ ಹಾಕಿದರು, ಕಂಪೈಲ್ ಮಾಡಿದರು. ನಕಲಿ ಕಿಲ್ನ್ ತಿರುಗಿತು. "ಇದರ ಒಂದೊಂದು ಪಾರ್ಟೂ ನಾನೇ ನಿಂತು ಕಟ್ಟಿಸಿದ್ದು ಸರ್. ನನ್ನ ಕನಸಿನ ಕೂಸು" ಅಂದರು. ಒಂದು ಸಲ 'ಕಟ್ಟಿದ್ದು', ಇನ್ನೊಂದು ಸಲ 'ಕಟ್ಟಿಸಿದ್ದು'. ನಾನು ಬಿಸ್ಕೀಟಿನ ತಟ್ಟೆ ಸರಿಮಾಡಿದೆ.

ಹಿರಿಯರು ತಲೆದೂಗಿದರು. "ಭಾಳ ಛಲೋ ಮಾಡೀರಿ. ಹಂಗಾರ ಮುಗೀತೇನು?"

"ಮುಗೀತು ಸರ್. ಹೊಸ ವರ್ಷನ್ ಸಿಡಿ ರೆಡಿ ಇದೆ, ಇವತ್ತೇ ತಗೊಂಡು ಹೋಗಬಹುದು."

ನಾನು ಹಿರಿಯರ ಮುಂದೆ ಚಹಾದ ಲೋಟ ಇಟ್ಟೆ. ಇಡುತ್ತ, ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ ಕೇಳಿದೆ. "ಸರ್, ಕರೆಂಟ್ ತೆಗೆದು ತೋರಿಸೂದು ಒಂದು ಉಳೀತಲ್ಲ?"

ಸಾಹೇಬರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಕಣ್ಣಲ್ಲಿದೆ. ಟೀ ಕೊಡು ಅಂದರೆ ಬಾಯಿ ಬಿಡುತ್ತಾಳಲ್ಲ ಅನ್ನುವಂಥದ್ದು. ಆದರೆ ಹಿರಿಯರು ಕುರ್ಚಿ ಮುಂದಕ್ಕೆ ಎಳೆದುಕೊಂಡಿದ್ದರು. "ಹೌದಲ್ರೀ! ಅದನ್ನ ನೋಡದ ಹೆಂಗ ಹೋಗೂದು? ತೆಗೀರಿ ಕರೆಂಟ್."

ಬೇರೆ ದಾರಿ ಇರಲಿಲ್ಲ. ಸಾಹೇಬರು ನಗುತ್ತಲೇ ಒತ್ತಿದರು. ಅವರಿಗೆ ಏನೂ ಗೊತ್ತಿರಲಿಲ್ಲ, ಅದೇ ತಮಾಷೆ. ಪರದೆಯ ಮೇಲೆ ಕರೆಂಟು ಹೋಯಿತು. ಕಿಲ್ನ್ ನಿಧಾನವಾಯಿತು. ನಿಂತಿತು. ಎಲ್ಲರೂ ಡೀಸೆಲ್ ಇಂಜಿನಿನ ಹಸಿರು ಗುರುತು ಹತ್ತುವುದನ್ನು ಕಾದರು. ಹತ್ತಲಿಲ್ಲ. ಕೊಳವೆಯ ಹೊಟ್ಟೆಯ ಭಾಗ ಕಿತ್ತಳೆಯಾಯಿತು, ಕೆಂಪಾಯಿತು. ಪಕ್ಕದಲ್ಲಿ ಬಾಗುವಿಕೆಯ ಗೆರೆ ಮೆಲ್ಲಗೆ ಮೇಲಕ್ಕೆ ಏರತೊಡಗಿತು. ಸಾಹೇಬರು ಇನ್ನೊಮ್ಮೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಗೆರೆ ಏರುತ್ತಲೇ ಇತ್ತು.

"ಕುರ್ಲಿ ಎಲ್ಲದ?" ಹಿರಿಯರ ದನಿ ಈಗ ಬೇರೆಯಾಗಿತ್ತು.

"ಅದು... ಸಿಮ್ಯುಲೇಟರ್‌ದು ಏನೋ ಬಗ್ ಇರ್ಬೇಕು ಸರ್."

"ಸಿಮ್ಯುಲೇಟರ್ ಕಟ್ಟಿದಾವ್ರು ನೀವ ಅಂದ್ರೆಲ್ಲ?"

ಆಹಾ! ಆ ಒಂದು ಮಾತಿಗೆ ನಾನು ಇನ್ನೆರಡು ವರ್ಷ ಕೈಪಿಡಿ ಬರೆಯಲಿಕ್ಕೂ ತಯಾರಿದ್ದೆ. ಹಿರಿಯರು ಬಿಡಲಿಲ್ಲ. ಅಡಿಗೆಮನೆಯಲ್ಲಿ ದಾಖಲೆ ತೆಗೆದು ನೋಡುವುದನ್ನು ಸಾಹೇಬರೇ ಆಗಷ್ಟೇ ಅವರಿಗೆ ತೋರಿಸಿದ್ದರು. ಕುರ್ಲಿಗೆ ಏನಾಗಿದೆ ತೆಗೆಯಿರಿ ಅಂದರು. ಪರದೆಯ ಮೇಲೆ ಬಂತು. ಹೆಸರು ಬದಲಾವಣೆ. ಕೋಷ್ಟಕ ನೋಡಿ ಖಾತ್ರಿ ಮಾಡಿಕೊಂಡಿದ್ದೀರಾ? ಹೌದು. ಪಕ್ಕದಲ್ಲಿ ಸಾಹೇಬರ ಲಾಗಿನ್.

"ಹೌದು ಅಂತ ಒತ್ತೀರಿ" ಅಂದರು ಹಿರಿಯರು. "ನಮ್ಮ ಕೋಷ್ಟಕ ನೀವು ಯಾವಾಗ ನೋಡಿದ್ರಿ?"

ಸಾಹೇಬರ ಕಿವಿಯ ತುದಿ ಕೆಂಪಾಗಿತ್ತು. ಆಮೇಲೆ ಏನೋ ಹೊಳೆದವರಂತೆ, ಕೋಷ್ಟಕದಲ್ಲೂ ಹೊಸ ಹೆಸರು ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂದರು. ಅದನ್ನು ಹೇಳಬಾರದಿತ್ತು.

"ನಮ್ಮ ಕೋಷ್ಟಕ ಮುಟ್ಟಂಗಿಲ್ಲ. ನಮ್ಮ ಮಂದಿಗೆ ಕುರ್ಲಿ ಅಂದ್ರ ತಿಳೀತದ. ನಿಮ್ಮ ಎಂ ನೂರಾ ಎಷ್ಟೋ ತಿಳಿಯಂಗಿಲ್ಲ. ಗಡಿಬಿಡ್ಯಾಗ ತಿಳೀದಿದ್ರ ಜೀವಕ್ಕ ಬರ್ತದ." ಹಿರಿಯರು ಎದ್ದರು. "ನಾಳೆ ಸಂಜೀತನಕ ನಾವು ಇಲ್ಲೇ ಇರ್ತೀವಿ. ಅಷ್ಟರಾಗ ಕುರ್ಲಿ ಎಬ್ಬಿಸಿ ತೋರಸ್ರಿ. ಇಲ್ಲಂದ್ರ ಗುತ್ತಿಗಿ ಮಾತು ಬ್ಯಾಡ." ಹೊರಡುವಾಗ ನಾನು ಕೊಟ್ಟ ಚಹಾ ಪೂರ್ತಿ ಕುಡಿದೇ ಹೋದರು.

ಸಾಹೇಬರು ನನ್ನ ಮೇಜಿನ ಹತ್ತಿರ ಬಂದದ್ದು ಮರುದಿನ ಬೆಳಿಗ್ಗೆ. ಅದಕ್ಕೆ ಮೊದಲು ತಮ್ಮಷ್ಟಕ್ಕೇ ಪ್ರಯತ್ನ ಮಾಡಿದ್ದರು. ಹಳೆಯ ಬ್ಯಾಕಪ್ ತೆಗೆದು ಹಾಕಿ ಎಂದರಂತೆ. ಹಾಕಿದರೆ ಹೆಸರು ಬದಲಾದ ಮೇಲೆ ಎಲ್ಲರೂ ಮಾಡಿದ ತಿದ್ದುಪಡಿಗಳು ಹೋಗುತ್ತವೆ, ಗಿರಾಕಿಗಳು ಕೇಳಿದ್ದೂ ಅದರಲ್ಲೇ ಇದೆ ಎಂದು ದೇವಬಾಗದವ ವಿನಯದಿಂದ ಹೇಳಿದ್ದ. ಇಷ್ಟು ವಿನಯ ಅವನಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಏನ್ ಮಾಡ್ಬಹುದು ಹೇಳಿ" ಅಂದರು. ನಿಂತೇ ಇದ್ದರು. ನಾನು ಕೂತುಕೊಳ್ಳಿ ಅನ್ನಲಿಲ್ಲ.

"ಕೈಪಿಡಿ ಬರೆಯೂದು ಬಾಕಿ ಉಂಟಲ್ಲ ಸರ್."

"ಪ್ಲೀಸ್."

ಆ ಶಬ್ದ ಅವರ ಬಾಯಲ್ಲಿ ನಾನು ಮೊದಲ ಸಲ ಕೇಳಿದ್ದು. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ, ಆರಲಿ ಎಂದು. ಆಮೇಲೆ ಹೇಳಿದೆ. "ಅಡಿಗೆಮನೆಯ ಚಾವಿ ನನಗೆ ವಾಪಸ್ ಬರ್ಬೇಕು. ಈಗ್ಲೇ. ಮೊದಲ ಪುಟದಲ್ಲಿ ಇರೂದು ನನ್ನ ಹೆಸರು. ಸಂಜೆ ಅವ್ರ ಮುಂದೆ ಕಟ್ಟಿದ್ದು ಯಾರು ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು."

ಸಾಹೇಬರು ಸುತ್ತ ನೋಡಿದರು. ಎಲ್ಲರೂ ಕೀಲಿಮಣೆ ಕುಟ್ಟುವುದು ನಿಲ್ಲಿಸಿದ್ದರು. "ಓಕೆ" ಅಂದರು ಕಡೆಗೆ, ನೆಲಕ್ಕೆ ಹೇಳಿದ ಹಾಗೆ. ಅಲ್ಲೇ ಕೂತು ಚಾವಿ ನನ್ನ ಲಾಗಿನ್ನಿಗೆ ವರ್ಗ ಮಾಡಿದರು, ಮೊದಲ ಪುಟ ತಿದ್ದಿದರು. ನಾನು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದೆ.

"ಈಗ ಹೆಸರುಗಳು" ಅಂದೆ. "ನಿಮ್ಮ ಲಾಗಿನ್ನಲ್ಲಿ ಹೋದವು. ನನ್ನ ಲಾಗಿನ್ನಲ್ಲಿ, ನಿಮ್ಮ ಕೈಯಿಂದಲೇ ಬರ್ಲಿ. ಒಂದೊಂದೇ."

"ಅಷ್ಟೂನಾ?"

"ಅಷ್ಟೂ."

ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ. ದೇವಬಾಗದವ ಇನ್ನೊಂದು ಬದಿಗೆ ಬಂದು ಕೂತ. ಯಾವ ಸಂಖ್ಯೆ ಯಾವ ಮೀನು ಎಂದು ಸಾಹೇಬರಿಗೆ ನೆನಪಿಲ್ಲ, ಆದ್ದರಿಂದ ಒಂದೊಂದಕ್ಕೂ ಕೇಳಲೇಬೇಕು.

"ಎಂ ನೂರಾ ಒಂದು?"

"ಬಂಗಡೆ" ಅಂದ ದೇವಬಾಗದವ. "ಹೇಳಿ ಸರ್, ಹೇಳಿಕೊಂಡು ಟೈಪ್ ಮಾಡಿದ್ರೆ ತಪ್ಪೂದಿಲ್ಲ."

"ಬಂಗಡೆ."

"ಎಂ ನೂರಾ ಎರಡು ಬಳಚು. ತಿಂದು ನೋಡಿದ್ದೀರಾ ಸರ್? ತೆಂಗಿನಕಾಯಿ ಹಾಕಿ ಸುಕ್ಕಾ ಮಾಡ್ಬೇಕು."

"ಬಳಚು."

ಮೋರಿ ಆಯಿತು, ಶೆಟ್ಲಿ ಆಯಿತು, ಇಸ್ವಣ ಆಯಿತು, ತಾರ್ಲೆ, ನೊಗಲಿ, ಬೆಳಂಜಿ. ಮೊದಮೊದಲು ಕೋಣೆಯಲ್ಲಿ ಯಾರೋ ಮೂಗು ಹಿಡಿದು ನಗು ತಡೆದರು. ಆಮೇಲೆ ನಗುವುದೂ ನಿಂತಿತು, ಎಲ್ಲರೂ ಕೇಳುತ್ತ ಕೂತರು. ಸಾಹೇಬರ ಅಂಗಿಯ ಬೆನ್ನು ಒದ್ದೆಯಾಗಿತ್ತು. ಪ್ರತಿ ಹೆಸರಿಗೂ ಆ ಪ್ರಶ್ನೆ ಪರದೆಗೆ ಬರುತ್ತಿತ್ತು, ಕೋಷ್ಟಕ ನೋಡಿದ್ದೀರಾ ಎಂದು. ಪ್ರತಿ ಸಲವೂ ನಾನು ಕೋಷ್ಟಕ ತೆಗೆಸಿ, ಆ ಸಾಲಿನ ಮೇಲೆ ಬೆರಳಿಡಿಸಿ, ಆಮೇಲೆಯೇ 'ಹೌದು' ಒತ್ತಿಸಿದೆ. ಊಟದ ಹೊತ್ತಾಯಿತು. ದೇವಬಾಗದವ ಡಬ್ಬಿ ಬಿಚ್ಚಿದ. ಹುರಿದ ಬಂಗಡೆಯ ಪರಿಮಳ ಕೋಣೆ ತುಂಬಿತು. ಸಾಹೇಬರಿಗೆ ಊಟಕ್ಕೆ ಏಳಲು ನಾನು ಬಿಡಲಿಲ್ಲ.

ನಡುವೆ ಒಮ್ಮೆ ದೇವಬಾಗದವ ನನ್ನ ಕಿವಿಯ ಹತ್ತಿರ ಬಗ್ಗಿ, "ಬಾಯೇ, ಸಾಕೇನೋ" ಅಂದ. ಅವನ ಮುಖದಲ್ಲಿ ಸಿಟ್ಟು ಇಳಿದಿತ್ತು. ನನ್ನದು ಇಳಿದಿರಲಿಲ್ಲ. "ನೀನು ಊಟ ಮಾಡು" ಅಂದೆ.

ಕುರ್ಲಿಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಸಂಜೆ ಗಿರಾಕಿಗಳು ಬಂದು ಹಿಂದೆ ನಿಂತಿದ್ದಾಗ ಸಾಹೇಬರು ಅದನ್ನು ಟೈಪ್ ಮಾಡಿದರು. ಕಂಪೈಲ್ ಆಯಿತು. ನಾನು ನಕಲಿ ಕಿಲ್ನ್ ನಡೆಸಿ ಕರೆಂಟು ತೆಗೆದೆ. ಕಿಲ್ನ್ ನಿಂತಿತು. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಡೀಸೆಲ್ ಇಂಜಿನಿನ ಹಸಿರು ಗುರುತು ಹತ್ತಿತು, ಕೊಳವೆ ಮೆಲ್ಲಗೆ ಹೊರಳಿತು, ಇನ್ನಷ್ಟು ಹೊರಳಿತು. "ಎದ್ದದ ನೋಡ್ರಿ!" ಎಂದು ಹಿರಿಯರು ನನ್ನ ಕುರ್ಚಿಯ ಬೆನ್ನಿಗೆ ಬಡಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಇದನ್ನು ಕಟ್ಟಿದ್ದು ಇವರು ಎಂದು ನನ್ನ ಹೆಸರು ಹೇಳಿದರು. ಹಿರಿಯರು ನನ್ನನ್ನು, ನಿನ್ನೆಯ ಚಹಾದ ಟ್ರೇ ಇದ್ದ ಮೂಲೆಯನ್ನು, ಆಮೇಲೆ ಸಾಹೇಬರನ್ನು ನೋಡಿದರು. ಗುತ್ತಿಗೆ ಉಳಿಯಿತು.

ಗಿರಾಕಿಗಳು ಹೋದ ಮೇಲೆ ಸಾಹೇಬರು ಅಲ್ಲೇ ಕುಳಿತಿದ್ದರು. ಬೆರಳ ನೆಟಿಕೆ ತೆಗೆಯುತ್ತ, ಏನೋ ಲೆಕ್ಕ ಹಾಕುತ್ತಿದ್ದವರಂತೆ ಕೇಳಿದರು.

"ಬದಲಾವಣೆ ಎಲ್ಲ ಅದು ರೆಕಾರ್ಡ್ ಮಾಡಿಟ್ಟಿರತ್ತೆ ಅಲ್ವಾ? ಹಾಗಿದ್ರೆ ಒಟ್ಟಿಗೇ ಹಿಂದಕ್ಕೆ ತಿರುಗಿಸೋ ದಾರಿನೂ ಇರ್ಬೇಕಲ್ಲ?"

"ಉಂಟು ಸರ್" ಅಂದೆ. "ಒಂದು ಸಾಲಿನ ಕಮಾಂಡು. ನಡುವಿನ ತಿದ್ದುಪಡಿಗಳೂ ಉಳೀತವೆ. ಚಹಾ ಆರೂದ್ರೊಳಗೆ ಮುಗೀತದೆ."

ಅವರ ಮುಖದ ಬಣ್ಣ ಇಳಿಯುವುದನ್ನು ನಾನು ಅವಸರವಿಲ್ಲದೆ ನೋಡಿದೆ. ಬೆಳಗಿನಿಂದ ಊಟವಿಲ್ಲದ ಮುಖ. ದೇವಬಾಗದವ ಎದ್ದು ಕಿಟಕಿಯ ಕಡೆ ಹೋಗಿಬಿಟ್ಟ.

"ಇದನ್ನ ನಾನು ಮರೆಯೋದಿಲ್ಲ" ಅಂದರು ಸಾಹೇಬರು, ಹಲ್ಲು ಕಚ್ಚಿ.

"ಮರೀಬೇಡಿ ಸರ್" ಅಂದೆ. "ಅದಕ್ಕೇ ಮಾಡಿಸಿದ್ದು."